ದೊಡ್ಡ ಲೆನ್ಸ್‌ಗಿಂತ ಮೊದಲು



"ಅಪ್ಪಾ, ದೂರದ ಹಕ್ಕಿ ಮಸುಕಾಗಿ ಬರ್ತಿದೆ, ದೊಡ್ಡ ಲೆನ್ಸ್ ಕೊಡಿಸು" ಎಂಬ ಮಾತು ಈಗ ಅನೇಕ ಮನೆಗಳಲ್ಲಿ ಕೇಳಿಸುತ್ತದೆ. ಕೂಡಲೇ ಕೊಡಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಚಿತ್ರ ಮಸುಕಾಗಲು ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವನ್ನು ಹಣ ಖರ್ಚಿಲ್ಲದೆ ಸರಿಪಡಿಸಬಹುದು.

ಮೊದಲನೆಯದು ಕೈ ನಡುಕ. ಲೆನ್ಸ್ ಉದ್ದವಾದಷ್ಟೂ ನಡುಕವೂ ದೊಡ್ಡದಾಗಿ ಕಾಣುತ್ತದೆ. 300 ಮಿ.ಮೀ. ಲೆನ್ಸ್‌ಗೆ ಶಟರ್ ವೇಗ ಸೆಕೆಂಡಿನ 1/300ಕ್ಕಿಂತ ಕಡಿಮೆಯಾಗದಿರಲಿ, 1/500 ಇದ್ದರೆ ಇನ್ನೂ ಒಳ್ಳೆಯದು. ಹಾರುವ ಹಕ್ಕಿಗೆ 1/1000 ಅಥವಾ ಅದಕ್ಕಿಂತ ಹೆಚ್ಚು ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಚಿತ್ರದಲ್ಲಿ ಕಾಳು ಕಾಳು ಕಂಡರೂ ಪರವಾಗಿಲ್ಲ, ಅದನ್ನು ಆಮೇಲೆ ತಗ್ಗಿಸಬಹುದು. ಅಲುಗಿದ ಚಿತ್ರವನ್ನು ಸರಿಪಡಿಸುವುದು ಕಷ್ಟ. ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿಯಿರಿ. ಫೋಕಸ್‌ಗೆ ಒಂದೇ ಚುಕ್ಕಿ ಆರಿಸಿ ಹಕ್ಕಿಯ ಕಣ್ಣಿನ ಮೇಲಿಡಿ. ಫೋನಿನ ಡಿಜಿಟಲ್ ಜೂಮ್ ಬಳಸಬೇಡಿ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ.

ಎರಡನೆಯದು ಗಾಳಿ. ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿ ಕುದಿಯುವಂತೆ ಅಲುಗುತ್ತದೆ. ಆಗ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ದೂರದ ಹಕ್ಕಿ ಕಲಸಿದಂತೆ ಕಾಣುತ್ತದೆ. ಆದ್ದರಿಂದ ನಮ್ಮ ಹೇವರ್ಡ್ ರೀಜನಲ್ ಶೋರ್‌ಲೈನ್‌ಗೆ ಬೆಳಿಗ್ಗೆಯೇ ಹೋಗಿ. ಕೊಲ್ಲಿ ಪಶ್ಚಿಮಕ್ಕಿರುವುದರಿಂದ ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ. ಮಧ್ಯಾಹ್ನ ಬೆಳಕು ಎದುರಿಗೆ ಬರುತ್ತದೆ, ಕೊಲ್ಲಿಯ ಗಾಳಿಯೂ ಜೋರಾಗಿ ಕೈ ಅಲುಗಿಸುತ್ತದೆ.

ಮೂರನೆಯದೇ ಮುಖ್ಯವಾದದ್ದು: ದೂರ. ದೂರ ಅರ್ಧವಾದರೆ ಚಿತ್ರದಲ್ಲಿ ಹಕ್ಕಿ ಎರಡು ಪಟ್ಟು ಎತ್ತರ ಕಾಣುತ್ತದೆ. ಹಾಗೆಂದು ಅದರ ಬೆನ್ನಟ್ಟಬೇಕಿಲ್ಲ. ಸಮುದ್ರದ ಉಬ್ಬರದ ವೇಳಾಪಟ್ಟಿ ನೋಡಿ, ನೀರು ಏರುವ ಹೊತ್ತಿಗೆ ಕಾಲುದಾರಿಯ ಪಕ್ಕ ಸುಮ್ಮನೆ ಕುಳಿತುಕೊಳ್ಳಿ. ಕೆಸರಿನಲ್ಲಿ ಮೇಯುವ ಹಕ್ಕಿಗಳು ನೀರು ಏರಿದಂತೆ ತಾವೇ ದಡದ ಕಡೆಗೆ ಸರಿಯುತ್ತವೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೆನೆಯಿರಿ. ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಏಕೆಂದರೆ ಊರಿನವರು ಅವುಗಳಿಗೆ ತೊಂದರೆ ಕೊಡುವುದಿಲ್ಲ. ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ (1938–2007) ಕಾಲದಲ್ಲಿ ಒಂದು ಫಿಲ್ಮ್ ರೋಲಿಗೆ ಸಾಮಾನ್ಯವಾಗಿ 36 ಚಿತ್ರಗಳು. ಕಾಯದೆ, ನೋಡದೆ ಗುಂಡಿ ಒತ್ತಿದರೆ ರೋಲ್ ಖಾಲಿ.

"ಹಾರುವ ಚಿತ್ರ ಬೇಕು" ಎಂದು ಕಲ್ಲೆಸೆಯುವ, ಕೂಗುವ ಮಕ್ಕಳನ್ನು ದಯವಿಟ್ಟು ತಡೆಯಿರಿ. ನಮ್ಮ ಈ ದಡದಲ್ಲಿ ಅಳಿವಿನ ಅಂಚಿನ ಕ್ಯಾಲಿಫೋರ್ನಿಯಾ ಲೀಸ್ಟ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ತಾಯಿ ಹೆದರಿ ಎದ್ದರೆ ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ತೆರೆದುಕೊಳ್ಳುತ್ತವೆ. ಒಂದು ಚಿತ್ರಕ್ಕೆ ಅಷ್ಟು ಬೆಲೆಯೇ?

ಮಕ್ಕಳೇ, ಇರುವ ಕ್ಯಾಮೆರಾದಲ್ಲೇ ನಾಲ್ಕು ಶನಿವಾರ ಬೆಳಿಗ್ಗೆ ಪ್ರಯತ್ನಿಸಿ. ಒಳ್ಳೆಯ ಚಿತ್ರದ ಕೆಳಗೆ ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಬರೆದು ತರಗತಿಗೆ ತನ್ನಿ. ಪಾಲಕರೇ, ಅಷ್ಟಾದ ಮೇಲೂ ಮಗುವಿನ ಆಸಕ್ತಿ ಉಳಿದಿದ್ದರೆ ಆಗ ಲೆನ್ಸ್‌ನ ಮಾತು ತೆಗೆಯಿರಿ. ಅದನ್ನೂ ಮೊದಲು ಬಾಡಿಗೆಗೆ ತಂದು ನೋಡಿ.