ಒಣಮೆಣಸಿನಕಾಯಿ 40, ಯಾವ ಊರಿನದು?

ಸಾರಿನ ಪುಡಿ ಮಾಡುವ ವಿಧಾನವೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂತು ಎಂದಿಟ್ಟುಕೊಳ್ಳಿ. ಕೊತ್ತಂಬರಿ ಬೀಜ ಒಂದು ಪಾವು, ಜೀರಿಗೆ ಇಷ್ಟು, ಮೆಂತ್ಯ ಇಷ್ಟು, ‘ಒಣಮೆಣಸಿನಕಾಯಿ 40’. ಬ್ಯಾಡಗಿ ಕಾಯಿ ಹಾಕಿದರೆ ಪುಡಿ ಕೆಂಪಗೆ, ಘಮ್ಮೆಂದು, ಮಕ್ಕಳೂ ಉಣ್ಣುವ ಹದಕ್ಕೆ ಬರುತ್ತದೆ. ಗುಂಟೂರು ಕಾಯಿ ಹಾಕಿದರೆ ಅದೇ 40 ಕಾಯಿಗೆ ಮನೆಮಂದಿಯೆಲ್ಲ ನೀರಿನ ಲೋಟ ಹುಡುಕಬೇಕು. ಬರೆದವರೇನೂ ಮೋಸ ಮಾಡಿಲ್ಲ. ಅವರ ಮನೆಯಲ್ಲಿ ಮೆಣಸಿನಕಾಯಿ ಎಂದರೆ ಒಂದೇ ಬಗೆ, ಅದನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ. ಇದು ಹಾವೇರಿ ಕಡೆಯ ಮನೆಯದೋ ಆಂಧ್ರದ ಕಡೆಯದೋ ಎಂಬ ಒಂದು ಮಾತು ಜತೆಗಿದ್ದಿದ್ದರೆ ಓದುವವರೇ ಊಹಿಸಿಕೊಳ್ಳುತ್ತಿದ್ದರು. ಆದರೆ ಹತ್ತು ಕೈ ದಾಟುವಷ್ಟರಲ್ಲಿ ಮೊದಲು ಉದುರುವುದೇ ಆ ಮಾತು. ಯಾರಿಂದ ಕಲಿತದ್ದು ಎಂದು ಹೇಳುವುದನ್ನು ನಾವು ಸೌಜನ್ಯದ ಲೆಕ್ಕಕ್ಕೆ ಹಾಕಿದ್ದೇವೆ, ಹೇಳಿದರೆ ದೊಡ್ಡತನ, ಬಿಟ್ಟರೆ ನಷ್ಟವಿಲ್ಲ ಎಂಬಂತೆ. ನಷ್ಟವಿದೆ. ಅದು ಸಾಮಾನಿನ ಪಟ್ಟಿಯಲ್ಲೇ ಇರಬೇಕಾದ ಬಾಬತ್ತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಇದು ಎದ್ದು ಕಾಣುತ್ತದೆ. 1809ರಲ್ಲಿ ಹಲಸೂರಿನ ಬದಿಗೆ ಬ್ರಿಟಿಷರ ಸೇನೆ ನೆಲೆಯೂರಿದಾಗಿನಿಂದ ಅದರ ಹಿಂದೆಯೇ ತಮಿಳು ಗುತ್ತಿಗೆದಾರರು, ದಖನಿ ಉರ್ದು ಮಾತಾಡುವ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದು ನೆಲೆಸಿದರು. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ, ಪೇಟೆಯ ಪುರಸಭೆಯೊಂದಿಗೆ ಸೇರಿದ್ದು 1949ರಲ್ಲಿ. ಒಂದೇ ಊರು ಎನಿಸಿಕೊಂಡರೂ ಅಡುಗೆಮನೆಯ ಅಳತೆಗಳು ಅಷ್ಟು ಬೇಗ ಒಂದಾಗಲಿಲ್ಲ. ಪೇಟೆಯ ಕನ್ನಡ ಮನೆಗಳದು ಸೇರು, ಪಾವು, ಚಟಾಕು. ತಮಿಳು ಮನೆಗಳದು ಪಡಿ, ಆಳಾಕ್ಕು. ನಾಲ್ಕು ಪಾವಿಗೆ ಒಂದು ಸೇರು, ಎಂಟು ಆಳಾಕ್ಕಿಗೆ ಒಂದು ಪಡಿ. ಈಗ ಎಲ್ಲರ ಬಾಯಲ್ಲೂ ‘ಕಪ್’ ಬಂದಿದೆ, ಗೊಂದಲ ಮಾತ್ರ ಕರಗಿಲ್ಲ. ಅಮೆರಿಕದ ಕಪ್ ಸುಮಾರು 240 ಮಿಲಿಲೀಟರ್, ರೈಸ್ ಕುಕ್ಕರ್ ಜತೆ ಕೊಡುವ ಕಪ್ 180, ಮನೆಯ ಕಾಫಿ ಲೋಟ ದೇವರೇ ಬಲ್ಲ. ಒಂದೇ ಕಪ್ಪಿನಿಂದ ಎಲ್ಲ ಸಾಮಾನನ್ನೂ ಅಳೆದರೆ ಅನ್ನಕ್ಕೇನೂ ಆಗದು. ಕೇಕಿಗೆ ಹಿಟ್ಟು ಕಪ್ಪಿನಲ್ಲಿ, ಬೆಣ್ಣೆ ಗ್ರಾಮಿನಲ್ಲಿ ಬರೆದಿದ್ದರೆ ಕಪ್ಪು ಬದಲಾದ ಕೂಡಲೇ ಲೆಕ್ಕ ತಪ್ಪುತ್ತದೆ. ಉಪ್ಪಿನದೂ ಇದೇ ಪಾಡು: ಒಂದು ಚಮಚ ಹರಳುಪ್ಪು ಒಂದು ಚಮಚ ಪುಡಿಯುಪ್ಪಿನಷ್ಟು ತೂಗುವುದಿಲ್ಲ.

ಅಳತೆಯಾದರೂ ಕಣ್ಣಿಗೆ ಕಾಣುತ್ತದೆ, ನೀರಿನ ಗುಣ ಕಾಣುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಮಂಗಳೂರಿನವರು ತೆರೆದ ಪಾತ್ರೆಯಲ್ಲಿ ಇಷ್ಟು ನಿಮಿಷ ಬೇಯಿಸಿ ಎಂದು ಬರೆದದ್ದು ಇಲ್ಲಿ ಸಾಲದೆ ಹೋಗಬಹುದು. ಇದಕ್ಕಿಂತ ದೊಡ್ಡ ತೊಡಕು ಗಡಸು ನೀರಿನದು. ಇಂದಿರಾನಗರದಲ್ಲಿ ನಲ್ಲಿಗೆ ಕಾವೇರಿ ಬಂದು ಬಹಳ ವರ್ಷಗಳಾದವು. ಕೆ.ಆರ್.ಪುರದ ಆಚೀಚಿನ ಎಷ್ಟೋ ಬಡಾವಣೆಗಳು ಕೊಳವೆಬಾವಿ ಮತ್ತು ಟ್ಯಾಂಕರನ್ನೇ ನೆಚ್ಚಿಕೊಂಡಿದ್ದವು. ನಗರದ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದೇ 2024ರ ಅಕ್ಟೋಬರ್‌ನಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಸಿಪ್ಪೆ, ತಿರುಳುಗಳಲ್ಲಿರುವ ಪೆಕ್ಟಿನ್‌ನೊಂದಿಗೆ ಸೇರಿ ಬೇಳೆಯನ್ನು ಕರಗಲು ಬಿಡುವುದಿಲ್ಲ. ‘ಮೂರು ಕೂಗು ಸಾಕು’ ಎಂದು ಇಂದಿರಾನಗರದವರು ಪ್ರಾಮಾಣಿಕವಾಗಿಯೇ ಬರೆದಿರುತ್ತಾರೆ. ಏಳೆಂಟು ಕಿಲೋಮೀಟರ್ ಆಚೆ ಬೋರ್‌ವೆಲ್ ನೀರಿನ ಮನೆಯಲ್ಲಿ ಐದು ಕೂಗಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿದು, ‘ಇವರ ರೆಸಿಪಿ ಯಾವುದೂ ಸರಿಬರಲ್ಲ’ ಎಂಬ ಮಾತು ಹುಟ್ಟುತ್ತದೆ. ‘ಕಾವೇರಿ ನೀರಿನಲ್ಲಿ ಮೂರು ಕೂಗು’ ಎಂದಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಹೆಸರು ಅಳಿಸುವ ಚಾಳಿ ಮೊಬೈಲಿನ ಜತೆ ಬಂದದ್ದೆಂದು ಹಲವರು ಹೇಳುತ್ತಾರೆ. ಅದಕ್ಕಿಂತ ಎಷ್ಟೋ ಹಳೆಯದು. ಮದ್ರಾಸ್ ಪ್ರಾಂತ್ಯದ ಸೇನಾಧಿಕಾರಿ ಕೆನಿ ಹರ್ಬರ್ಟ್ ‘ವೈವರ್ನ್’ ಎಂಬ ಕಾವ್ಯನಾಮದಲ್ಲಿ 1878ರಲ್ಲಿ ಮದ್ರಾಸಿನಿಂದ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ ಪುಸ್ತಕ ಹೊರತಂದ. ಬಂಗಲೆಗಳಲ್ಲಿ ದೊರೆಸಾನಿಯರು ಅಡುಗೆ ಮಾಡಿಸಬೇಕಾದ ಬಗೆಯನ್ನು ತಿಳಿಸುವ ಅದರಲ್ಲಿ ಅಡುಗೆಯವನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಎಲ್ಲ ಅಡುಗೆಯವರಿಗೂ ಸೇರಿ ಒಂದೇ ಹೆಸರು, ರಾಮಸಾಮಿ. ಒಲೆಯ ಮುಂದೆ ನಿಂತವನು ಯಾರೂ ಆಗಬಹುದಿತ್ತು, ಪುಸ್ತಕ ಬರೆದವನು ಮಾತ್ರ ಒಬ್ಬನೇ. ತಮಾಷೆಯೆಂದರೆ ತಿರುಗುಮುರುಗಾಗಿಯೂ ಇದೇ ನಡೆದಿದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ.ಬೇಕರಿಯನ್ನು ಅಯ್ಯಂಗಾರ್ ಬೇಕರಿಗಳ ಮೂಲವೆನ್ನುತ್ತಾರೆ. ಅದರ ಸ್ಥಾಪಕರಿಗೆ ಬ್ರೆಡ್ ಸುಡುವುದನ್ನು ಹೇಳಿಕೊಟ್ಟವನು ವೆಸ್ಟ್ ಎಂಡ್ ಹೋಟೆಲಿನ ಕಡೆಯ ಒಬ್ಬ ಇಂಗ್ಲಿಷರವನು ಎಂಬುದು ರೂಢಿಯ ಕಥೆ. ಕಥೆ ಇನ್ನೂ ಬಾಯಿಂದ ಬಾಯಿಗೆ ನಡೆಯುತ್ತಿದೆ, ಅವನು ಮಾತ್ರ ‘ಒಬ್ಬ ಇಂಗ್ಲಿಷರವನು’ ಆಗಿಯೇ ಉಳಿದಿದ್ದಾನೆ.

ಹೆಸರು ಉಳಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಹತ್ತಿರದಲ್ಲೇ ಇದೆ. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಬ್ರಿಜೆಟ್ ವೈಟ್ ಕುಮಾರ್ ಆಂಗ್ಲೋ ಇಂಡಿಯನ್ ಅಡುಗೆಯ ಬಗ್ಗೆ ಹಲವು ಪುಸ್ತಕ ಬರೆದಿದ್ದಾರೆ. ಕೈಮಾದ ಉಂಡೆ ಹಾಕಿದ ಬಾಲ್ ಕರಿ, ತೆಂಗಿನ ಹಾಲಿನ ಹಳದಿ ಅನ್ನ, ನಮ್ಮ ಸಾರಿನ ದಾಯಾದಿಯಾದ ಪೆಪ್ಪರ್ ವಾಟರ್ ಇವೆಲ್ಲ ಒಂದು ಸಮುದಾಯದ ಮನೆಗಳಿಂದ ಬಂದವು ಎಂದು ಅಲ್ಲಿ ಸ್ಪಷ್ಟ. ಆದ್ದರಿಂದಲೇ ಪೆಪ್ಪರ್ ವಾಟರ್‌ಗೆ ಬೇಳೆ ಯಾಕಿಲ್ಲ ಎಂದು ಯಾರೂ ಜಗಳಕ್ಕೆ ಹೋಗುವುದಿಲ್ಲ. ಅದನ್ನೇ ‘ಸುಲಭದ ರಸಂ’ ಎಂದು ಹೆಸರು ಬದಲಿಸಿ ಹರಿಯಬಿಟ್ಟರೆ ಬೇಳೆ ಕಟ್ಟು ಮರೆತ ಕಳಪೆ ರಸಂ ಅಷ್ಟೆ.

ಕಾನೂನು ಇದನ್ನು ನೋಡಿಕೊಳ್ಳಲಿ ಎಂದರೆ ಆಗದು. 1957ರ ಕೃತಿಸ್ವಾಮ್ಯ ಕಾಯ್ದೆ ರಕ್ಷಿಸುವುದು ಬರಹವನ್ನು. ಅದರೊಳಗಿನ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ ಎಂದು ಆರ್.ಜಿ.ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಹಾಗಾಗಿ ಇನ್ನೊಬ್ಬರ ವಾಕ್ಯಗಳನ್ನೋ ಫೋಟೊವನ್ನೋ ಎತ್ತಿಕೊಂಡರೆ ತಕರಾರು ತೆಗೆಯಬಹುದು. ಇಷ್ಟು ಬೇಳೆಗೆ ಇಷ್ಟು ಹುಣಸೆಹಣ್ಣು ಎಂಬುದಕ್ಕೆ ಮಾಲೀಕರಿಲ್ಲ, ಇರಲೂಬಾರದು. ಭೌಗೋಳಿಕ ಗುರುತು ಕೂಡ ಮನೆಯ ಒಲೆಯವರೆಗೆ ಬರುವುದಿಲ್ಲ. ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಆ ಗುರುತು ಸಿಕ್ಕಿತು. ರಂಜಾನ್‌ನಲ್ಲಿ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ಹಲೀಮ್ ಕುದಿಯುವುದಕ್ಕೆ ಅದು ಅಡ್ಡಿಯಲ್ಲ. ಹೈದರಾಬಾದಿನ ಹೆಸರು ಹಚ್ಚಿ ಮಾರಿದರೆ ಮಾತ್ರ ಪ್ರಶ್ನೆ ಏಳುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಗಟ್ಟಿಯಾದದ್ದೇ. ಅಡುಗೆ ಎಲ್ಲರದು, ಅಜ್ಜಿ ಅಮ್ಮನಿಗೆ, ಅಮ್ಮ ಸೊಸೆಗೆ ಹೇಳಿಕೊಟ್ಟಾಗ ಯಾರೂ ಋಣದ ಪಟ್ಟಿ ಬರೆಯಲಿಲ್ಲ. ನಿಜ, ಬರೆಯಬೇಕಾದ ಪ್ರಮೇಯವೇ ಇರಲಿಲ್ಲ. ಸೊಸೆಗೆ ಅತ್ತೆ ಯಾರೆಂದು ಗೊತ್ತಿತ್ತು, ಅವರ ಪಾವು ಯಾವುದೆಂದು ಕಣ್ಣೆದುರೇ ಇತ್ತು, ಸಂದೇಹ ಬಂದರೆ ಹಿತ್ತಲಿಗೆ ಹೋಗಿ ಕೇಳಬಹುದಿತ್ತು. ಮೂಲ ಹೇಳದೆಯೂ ನಡೆದದ್ದು ಮೂಲ ಪಕ್ಕದಲ್ಲೇ ನಿಂತಿದ್ದರಿಂದ. ಇನ್ನು, ಮೊಟ್ಟಮೊದಲು ಮಾಡಿದವರು ಯಾರೆಂದು ಪತ್ತೆಹಚ್ಚುವುದು ಸಾಧ್ಯವೇ ಎಂಬ ಪ್ರಶ್ನೆ. ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಟರ್ ಚಿಕನ್ ಮೊದಲು ಮಾಡಿದವರು ಯಾರೆಂಬ ಜಗಳ 2024ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಆ ಹುಚ್ಚು ಮನೆಗಳಿಗೆ ಬೇಡ. ನನಗೆ ಹೇಳಿಕೊಟ್ಟವರು ಯಾರು, ನಾನು ಏನು ಬದಲಿಸಿದೆ, ಇಷ್ಟು ಹೇಳಿದರೆ ಸಾಕು. ಒಂದು ಮೆಟ್ಟಿಲು ಹಿಂದಕ್ಕೆ, ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಹೆಸರಿಸುವುದರ ಬಗ್ಗೆಯೇ ಇದೆ. ಮಸಾಲೆಪುಡಿ ಮಾಡಿ ಮಾರುವವರು, ಮದುವೆ ಮನೆಗೆ ಬಿರಿಯಾನಿ ದಮ್ ಕಟ್ಟುವವರು ಸ್ನೇಹಕ್ಕೆ ಹೇಳಿದ ಗುಟ್ಟನ್ನು ಹೆಸರು ಹಾಕಿ ಊರಿಗೆಲ್ಲ ಸಾರಿದರೆ ಅದು ಗೌರವವೋ ಹೊಟ್ಟೆಗೆ ಹೊಡೆಯುವುದೋ? ಅಂಥಲ್ಲಿ ಕೇಳಿಯೇ ಹಂಚಬೇಕು, ಬೇಡವೆಂದರೆ ಹಂಚಬಾರದು. ಹೇಳುವುದಿಲ್ಲ ಎನ್ನುವ ಹಕ್ಕು ಎಲ್ಲರಿಗೂ ಇದೆ. ಇಲ್ಲದಿರುವುದು, ಹೇಳುತ್ತೇನೆಂದು ಒಪ್ಪಿ ಒಂದು ಸಾಮಾನು ನುಂಗಿಕೊಳ್ಳುವ ಹಕ್ಕು. ಕಲ್ಲುಹೂವನ್ನು ಪಟ್ಟಿಯಿಂದ ಬಿಟ್ಟು, ‘ನನ್ನ ಕೈರುಚಿ ಬರಲ್ಲ ಬಿಡಿ’ ಎಂದು ನಗುವವರಿಗಿಂತ ಬಾಯಿ ಬಿಡದ ಜಿಪುಣರೇ ವಾಸಿ.

ಪಡೆದವರ ಕಡೆಯೂ ಸಾಲ ಇದೆ, ಅದನ್ನು ತೀರಿಸುವವರು ಕಡಿಮೆ. ಸೀರಗ ಸಾಂಬಾ ಅಕ್ಕಿಯ ಬದಲು ಸೋನಾ ಮಸೂರಿ ಹಾಕಿ, ಮೊಸರು ಹುಳಿಯೆಂದು ಅರ್ಧ ಮಾಡಿ, ದಮ್ ಕಟ್ಟುವ ಬದಲು ಕುಕ್ಕರಿಗೆ ತುಂಬಿ, ಕೊನೆಗೆ ‘ಬಿರಿಯಾನಿ ಮುದ್ದೆಯಾಯ್ತು, ನಿಮ್ಮ ಅಳತೆ ತಪ್ಪು’ ಎಂದು ಬರೆಯುವವರುಂಟು. ಹಾಗೆ ಬರೆಯುವ ಮುನ್ನ ಅಕ್ಕಿಯ ಹೆಸರನ್ನೂ ಜತೆಗೆ ಬರೆದರೆ, ಮುದ್ದೆಯಾದದ್ದು ಯಾಕೆಂದು ಮೂರನೆಯವರು ಯಾರಾದರೂ ಹೇಳಿಯಾರು.