ಯಂತ್ರದ ಅಳತೆಯೂ ಮನುಷ್ಯನ ಬೆಲೆಯೂ

ನಮ್ಮದು ಕಲಾ ಕಾಲೇಜು. ಕಾರ್ಖಾನೆಯ ಮಾತು ನಮಗೇಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಆದರೆ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ನಾವು, ನಮ್ಮ ಕಣ್ಣೆದುರಿಗೇ ನಡೆಯುತ್ತಿರುವ ಒಂದು ದೊಡ್ಡ ಬದಲಾವಣೆಯನ್ನು ಎಂಜಿನಿಯರುಗಳಿಗೇ ಬಿಟ್ಟುಕೊಟ್ಟು ಸುಮ್ಮನಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ತಾನೇ ತಾನಾಗಿ ನಡೆಯುವ ಯಂತ್ರ, ಮನುಷ್ಯನ ತೋಳಿನಂತೆ ದುಡಿಯುವ ರೋಬೋಟು, ಕೂದಲೆಳೆಯನ್ನೂ ಸೀಳಿ ಅಳೆಯುವ ಉಪಕರಣ, ಈ ಮೂರೂ ಸೇರಿ ಇಂದಿನ ಕೈಗಾರಿಕೆಯ ಮುಖವನ್ನೇ ಬದಲಿಸುತ್ತಿವೆ.

ಮೊದಲು ಅಳತೆಯ ವಿಷಯವನ್ನು ನೋಡೋಣ. ನಮ್ಮ ಹಿರಿಯರು ಬಟ್ಟೆಯನ್ನು ಮೊಳದಿಂದಲೂ ಕಾಳನ್ನು ಸೇರು ಬಳ್ಳಗಳಿಂದಲೂ ಅಳೆದರು. ಒಬ್ಬನ ಮೊಳ ಇನ್ನೊಬ್ಬನ ಮೊಳಕ್ಕೆ ಸಮನಲ್ಲ. ಆದರೂ ಅಂದಿನ ಬಾಳಿಗೆ ಅದು ಸಾಕಾಗಿತ್ತು. ಯಂತ್ರಕ್ಕೆ ಅದು ಸಾಲದು. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್‌ಸನ್ ಎಂಬಾತನು ಫಿರಂಗಿಗಳನ್ನು ಕೊರೆಯುವ ಹೊಸ ವಿಧಾನವನ್ನು ಕಂಡುಹಿಡಿದನು. ಮುಂದೆ ಆತನು ಕೊರೆದುಕೊಟ್ಟ ಸಿಲಿಂಡರುಗಳಿಂದಲೇ ಜೇಮ್ಸ್ ವಾಟ್‌ನ ಉಗಿಯಂತ್ರವು ಸಮರ್ಪಕವಾಗಿ ನಡೆಯುವಂತಾಯಿತು. ಒಂದು ಹಳೆಯ ಷಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ಅದರಲ್ಲಿ ವ್ಯತ್ಯಾಸವಿಲ್ಲವೆಂಬುದು ಅಂದಿನವರ ಹೆಮ್ಮೆ. ಇಂದಾದರೋ ಲೆಕ್ಕವು ಮೈಕ್ರಾನಿಗೆ ಇಳಿದಿದೆ. ಒಂದು ಮಿಲಿಮೀಟರನ್ನು 1000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನು ಎಂದರೆ ಇದರ ಸೂಕ್ಷ್ಮತೆಯನ್ನು ಊಹಿಸಬಹುದು.

ಇಷ್ಟು ಸೂಕ್ಷ್ಮಕ್ಕೆ ಇಳಿದಾಗ ಉಕ್ಕು ಕೂಡ ಸ್ಥಿರವಾದ ವಸ್ತುವಲ್ಲ. 100 ಮಿಲಿಮೀಟರ್ ಉದ್ದದ ಉಕ್ಕಿನ ಸರಳು ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೈಕ್ರಾನಿಗಿಂತ ತುಸು ಹೆಚ್ಚಾಗಿಯೇ ಬೆಳೆಯುತ್ತದೆ. ಆದುದರಿಂದಲೇ ಇಂಥ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದು ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡಿವೆ.

ಈ ಸಣ್ಣ ಸಂಗತಿಯ ಬೆಲೆಯನ್ನು ನಾನು ಪುಸ್ತಕದಿಂದ ಅರಿತುದಲ್ಲ. ನನ್ನ ಸೋದರಮಾವನವರು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ 26 ವರ್ಷ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತು ದುಡಿದವರು. ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಜೋಡಿಸಿದ ಅಳತೆಯ ಯಂತ್ರವೊಂದು ಬಂದಿತು. ತುದಿಯಲ್ಲಿ ಮಾಣಿಕ್ಯದ ಪುಟ್ಟ ಗುಂಡನ್ನುಳ್ಳ ಕಡ್ಡಿಯೊಂದು ವಸ್ತುವನ್ನು ಅಲ್ಲಲ್ಲಿ ಮುಟ್ಟಿ, ಕ್ಷಣದಲ್ಲಿ ಅಳತೆಯನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ಒಂದು ದಿನ ಮಾವನವರು ಉಜ್ಜಿದ 80 ಮಿಲಿಮೀಟರ್ ವ್ಯಾಸದ ಉಕ್ಕಿನ ಬಿಲ್ಲೆಗಳೆಲ್ಲ ಏಳೆಂಟು ಮೈಕ್ರಾನು ದಪ್ಪವಾಗಿವೆಯೆಂದು ಅದು ತೀರ್ಪು ಕೊಟ್ಟಿತು. ಇನ್ನೊಮ್ಮೆ ಉಜ್ಜಿರೆಂದು ಮೇಲ್ವಿಚಾರಕನ ಅಪ್ಪಣೆಯಾಯಿತು. ಮಾವನವರು ಒಂದು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದಕ್ಕಿನ್ನೂ ಬೆಚ್ಚಗಿದೆ ಸ್ವಾಮಿ, ರಾತ್ರಿ ಮಲಗಲಿ ಬಿಡಿ" ಎಂದರಂತೆ. ಮರುದಿನ ಬೆಳಗ್ಗೆ ಅಳೆದಾಗ ಎಲ್ಲವೂ ಸರಿಯಾಗಿದ್ದುವು. ಹಿಂದಿನ ದಿನವೇ ಉಜ್ಜಿದ್ದರೆ ಇಡೀ ಮಾಲು ಗುಜರಿಗೆ ಹೋಗುತ್ತಿತ್ತು. ಯಂತ್ರವು ಸುಳ್ಳು ಹೇಳಲಿಲ್ಲ. ತನ್ನನ್ನು ಕೇಳಿದಷ್ಟಕ್ಕೆ ನಿಜವನ್ನೇ ಹೇಳಿತು. ಏನನ್ನು ಯಾವಾಗ ಕೇಳಬೇಕೆಂಬುದನ್ನು ಮಾತ್ರ ಮನುಷ್ಯನು ಬಲ್ಲವನಾಗಿದ್ದನು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷಗಳಲ್ಲಿ ಬಿಲ್ಲೆಗಳನ್ನು ಎತ್ತಿಡುವ ರೋಬೋಟು ಬಂದಿತು. ಆರು ಮಂದಿಯ ಕೆಲಸಕ್ಕೆ ಇಬ್ಬರು ಸಾಕಾದರು. ಕಂಪ್ಯೂಟರ್ ಬಾರದೆಂಬ ಕಾರಣಕ್ಕೆ 52ನೆಯ ವಯಸ್ಸಿನಲ್ಲಿ ಮಾವನವರು ಮನೆಗೆ ಬಂದರು. ಬಾರದುದು ನಿಜ, ಆದರೆ ಕಲಿಸಿದವರಾದರೂ ಯಾರು? ಇಂದು ಅವರು ಒಂದು ವಸತಿಗೃಹದ ಬಾಗಿಲನ್ನು ಕಾಯುತ್ತಾರೆ. ಮೈಕ್ರಾನನ್ನು ಅರಿತ ಕೈ ಬಂದುಹೋಗುವ ಕಾರುಗಳಿಗೆ ಗೇಟು ತೆರೆಯುತ್ತಿದೆ.

ಹಾಗಾದರೆ ಯಂತ್ರವು ನಮ್ಮ ಶತ್ರುವೇ? ಅಲ್ಲವೆಂದೇ ನನ್ನ ಉತ್ತರ. ರೋಬೋಟ್ ಎಂಬ ಮಾತನ್ನು ಜಗತ್ತಿಗೆ ಕೊಟ್ಟವನು ಚೆಕ್ ನಾಟಕಕಾರ ಕಾರೆಲ್ ಚಾಪೆಕ್. 1920ರಲ್ಲಿ ಪ್ರಕಟವಾದ ಅವನ ನಾಟಕದಲ್ಲಿ ಅದು ಮೊದಲು ಬಂದಿತು. ಬಿಟ್ಟಿ ದುಡಿಮೆ ಎಂಬುದೇ ಅದರ ಮೂಲಾರ್ಥ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕಾರು ಕಾರ್ಖಾನೆಯೊಂದರಲ್ಲಿ ಯೂನಿಮೇಟ್ ಎಂಬ ಮೊದಲ ರೋಬೋಟು ಕೆಲಸಕ್ಕೆ ನಿಂತಾಗ ಅದಕ್ಕೆ ವಹಿಸಿದುದು ಅಚ್ಚಿನಿಂದ ಬರುವ ಸುಡುಲೋಹದ ಭಾಗಗಳನ್ನು ಹೊರತೆಗೆಯುವ ಕೆಲಸ. ಮನುಷ್ಯನ ಮೈ ಸುಡುವಂಥ ಬಿಟ್ಟಿಯನ್ನು ಯಂತ್ರವು ಹೊತ್ತರೆ ಅಳುವವರಾರು? 2023ರ ಕೊನೆಗೆ ಜಗತ್ತಿನ ಕಾರ್ಖಾನೆಗಳಲ್ಲಿ 40 ಲಕ್ಷಕ್ಕೂ ಮೀರಿ ರೋಬೋಟುಗಳಿದ್ದುವು. ಈ ಪ್ರವಾಹವನ್ನು ಅಂಗೈಯಿಂದ ತಡೆಯಲಾಗದು.

ತಡೆದವರಿಗೂ ಉಳಿವಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಗಡಿಯಾರಗಳನ್ನು ತಯಾರಿಸತೊಡಗಿತು. ಕೀಲಿ ಕೊಡುವ ಆ ಗಡಿಯಾರವು ಮನೆಮನೆಯ ಗೌರವವಾಗಿತ್ತು. ಕ್ವಾರ್ಟ್ಸ್ ಗಡಿಯಾರಗಳ ಕಾಲ ಬಂದಾಗ ಮಾರುಕಟ್ಟೆಯು ಅದರ ಕೈ ತಪ್ಪುತ್ತ ಹೋಯಿತು. 2016ರಲ್ಲಿ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು ನಿರ್ಧರಿಸಿತು. ಹೊಸತಕ್ಕೆ ತಕ್ಕ ಕಾಲದಲ್ಲಿ ಹೊಂದಿಕೊಳ್ಳದಿದ್ದರೆ ಹಳೆಯ ಉದ್ಯೋಗವೂ ಉಳಿಯಲಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಆದುದರಿಂದ ಪ್ರಶ್ನೆಯು ಯಂತ್ರ ಬೇಕೇ ಬೇಡವೇ ಎಂಬುದಲ್ಲ. ಯಂತ್ರದಿಂದ ಉಳಿದ ದುಡಿಮೆಯ ಲಾಭವು ಯಾರಿಗೆ ಸೇರಬೇಕೆಂಬುದೇ ನಿಜವಾದ ಪ್ರಶ್ನೆ. ಹೊಸ ಯಂತ್ರಕ್ಕಾಗಿ ಹಣ ತೆಗೆದಿರಿಸುವ ಮಾಲೀಕನು ಹಳೆಯ ಕೆಲಸಗಾರನ ಶಿಕ್ಷಣಕ್ಕಾಗಿಯೂ ಅದರಲ್ಲೊಂದು ಪಾಲನ್ನು ತೆಗೆದಿರಿಸಬೇಕು. ಯಂತ್ರವು ಬರುವ ಮೊದಲೇ ಪಾಠವು ಬರಬೇಕು. ಆ ಪಾಠವು ಕನ್ನಡದಲ್ಲಿರಬೇಕು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ಹೆದರಿಯೇ ಎಷ್ಟೋ ನುರಿತ ಕೈಗಳು ಹಿಂಜರಿಯುತ್ತವೆ. ಈ ಕೆಲಸದಲ್ಲಿ ನಮ್ಮಂಥ ಕಲಾ ವಿದ್ಯಾರ್ಥಿಗಳಿಗೂ ಪಾತ್ರವುಂಟು. ಸರಳವಾಗಿ ಬರೆದು ತಿಳಿಯಹೇಳುವುದು ನಮ್ಮ ವಿದ್ಯೆಯಲ್ಲದೆ ಮತ್ತಾರದು? ರಜೆಯಲ್ಲಿ ಒಂದು ಕೈಪಿಡಿಯನ್ನು ಕನ್ನಡಕ್ಕಿಳಿಸಿದರೂ ಅದು ಸಣ್ಣ ಸೇವೆಯಲ್ಲ.

ಮೈಕ್ರಾನಿನಷ್ಟು ತಪ್ಪನ್ನೂ ಸಹಿಸದ ಕಾರ್ಖಾನೆಯು ಒಬ್ಬ ಮನುಷ್ಯನ 26 ವರ್ಷಗಳನ್ನು ಲೆಕ್ಕದಿಂದ ಕೈಬಿಡುವುದಾದರೆ ಆ ಅಳತೆಯು ಇನ್ನೂ ಸ್ಥೂಲವಾದುದೆಂದೇ ಹೇಳಬೇಕು. ಅದನ್ನು ಸೂಕ್ಷ್ಮಗೊಳಿಸುವ ಹೊಣೆಯು ನಮ್ಮ ತಲೆಮಾರಿನದು.