ಕ್ಷೇಮದ ಮಾತಾಡುವ ಧಣಿಗಳಿಗೆ

ಕೆಲಸದ ಜಾಗದಲ್ಲಿ ಸಂಸ್ಕೃತಿ ಬೇಕಂತೆ. ಕೆಲಸಗಾರ ನಗುನಗುತ್ತಾ ಇರಬೇಕಂತೆ. ಅದಕ್ಕೆ ಯೋಗ ಹೇಳಿಕೊಡುತ್ತಾರೆ, ಉಸಿರು ಎಳೆಯೋದು ಬಿಡೋದು ಹೇಳಿಕೊಡುತ್ತಾರೆ, ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೆಂಗೆ ಅಂತ ಭಾಷಣಕಾರರನ್ನು ಕರೆಸಿ ಪಾಠ ಮಾಡಿಸುತ್ತಾರೆ. ಮಾಡಿಸಲಿ, ನಮ್ಮ ತಕರಾರಿಲ್ಲ. ನಮ್ಮದು ಒಂದೇ ಪ್ರಶ್ನೆ: ಗಟಾರದ ಗುಂಡಿಯೊಳಗೆ ಇಳಿದವನು ಯಾವ ಉಸಿರು ಎಳೆಯಬೇಕು?

ದಾವಣಗೆರೆಗೆ ಬರ್ರಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಮೆರೆದ ಊರು ಇದು. ಹತ್ತಿ ಮಿಲ್ಲುಗಳಿಂದ ಬಟ್ಟೆ ಹೊರಗೆ ಬಂತು, ಲಾಭ ಹೊರಗೆ ಬಂತು. ಧೂಳು ಮಾತ್ರ ಕೆಲಸಗಾರರ ಎದೆಯೊಳಗೆ ಉಳಿಯಿತು. ಹತ್ತಿ ಧೂಳಿನ ರೋಗಕ್ಕೆ ಒಂದು ಲಕ್ಷಣ ಐತಿ: ವಾರದ ರಜೆ ಮುಗಿಸಿ ಮಿಲ್ಲಿಗೆ ಮತ್ತೆ ಕಾಲಿಟ್ಟ ದಿನವೇ ಎದೆ ಬಿಗಿದುಕೊಳ್ಳುತ್ತದೆ. ರೋಗ ಎಲ್ಲಿ ಐತಿ ಅನ್ನೋದು ಮೈಗೆ ಗೊತ್ತು. ಮಾಲೀಕನಿಗೆ ಮಾತ್ರ ಗೊತ್ತಿಲ್ಲ! ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕಳಿಸಿದ ಮೈಸೂರು ಕಿರ್ಲೋಸ್ಕರ್ ಕೂಡ ಈ ಶತಮಾನದ ಆರಂಭದಲ್ಲಿ ನಿಂತಿತು. ಗೇಟು ಮುಚ್ಚಿದ ಮೇಲೆ ಕಾರ್ಮಿಕನ ಮನಸ್ಸಿನ ನೆಮ್ಮದಿಯ ಬಗ್ಗೆ ಭಾಷಣ ಮಾಡಲು ಯಾರು ಬಂದರು ಹೇಳ್ರಿ?

ಆದರೆ ದುಡಿಯುವವರೆಲ್ಲ ಒಂದೇ ಅನ್ನುವುದೂ ಅರ್ಧ ಸತ್ಯ. ಮುಂಬೈ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗದ ಬಾಗಿಲು ಅಸ್ಪೃಶ್ಯರಿಗೆ ಮುಚ್ಚಿತ್ತು. ನೂಲಿಗೆ ಬಾಯಿ ತಾಗಿಸಬೇಕಿತ್ತು. ನಮ್ಮ ಎಂಜಲು ಮೈಲಿಗೆಯಂತೆ. ಬಾಗಿಲು ಹಿಡಿದು ನಿಂತವನು ಬರೀ ಮಾಲೀಕನಲ್ಲ, ಪಕ್ಕದ ಮಗ್ಗದ ಕಾರ್ಮಿಕನೂ ಹೌದು. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. 1938ರಲ್ಲಿ ಮನ್ಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ನಮ್ಮ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದರು. ಜಾತಿ ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸಗಾರರನ್ನೇ ಸೀಳಿತು.

ಕೆಂಬಾವುಟದ ಗೆಳೆಯರೇ, ಇದು ನಿಮಗೂ ಹೇಳುವ ಮಾತು. ದಾವಣಗೆರೆಯ ದುಡಿಯುವ ಜನ ಕಾಮ್ರೇಡ್ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರಿದು. ಆ ಹೋರಾಟದ ಬಗ್ಗೆ ನಮಗೆ ಗೌರವ ಇದೆ. ಆದರೆ ಮಿಲ್ಲಿನ ಗೇಟಿಗೆ ಬಂದಷ್ಟು ಸಲ ಆ ಬಾವುಟ ಪೊರಕೆ ಹಿಡಿದವರ ಕೇರಿಗೆ ಬಂತೇ?

ಬೆಳಗಿನ ಜಾವ ನೋಡ್ರಿ. ಊರಿನವರು ಇನ್ನೂ ಹೊದ್ದು ಮಲಗಿರುವಾಗ ನಮ್ಮ ಅವ್ವಂದಿರು, ಅಕ್ಕಂದಿರು ಬೀದಿಗೆ ಇಳಿದಿರುತ್ತಾರೆ. ಅವರಿಗೆ ಬೀದಿಯೇ ಆಫೀಸು. ಆ ಆಫೀಸಿನಲ್ಲಿ ಬಟ್ಟೆ ಬದಲಾಯಿಸಲು ಒಂದು ಕೋಣೆ ಇಲ್ಲ, ಮುಟ್ಟಾದ ದಿನ ಹೋಗಲು ಒಂದು ಕಕ್ಕಸು ಇಲ್ಲ. ಊರಿನ ಕಕ್ಕಸೆಲ್ಲ ತೊಳೆಯುವವಳಿಗೆ ಕಕ್ಕಸಿಲ್ಲ! ನೀರು ಕೇಳಿದರೆ ಗೇಟಿನಾಚೆಯಿಂದ ಕೈಗೆ ಸುರಿಯುತ್ತಾರೆ. ಅಮ್ಮನ ವಯಸ್ಸಿನವಳನ್ನು ನಿನ್ನೆ ಮೊನ್ನೆ ಬಂದ ಮೇಸ್ತ್ರಿ "ಏಯ್, ಬಾರೇ ಇಲ್ಲಿ" ಅಂತಾನೆ. ಇದು ನಿಮ್ಮ ಕೆಲಸದ ಸಂಸ್ಕೃತಿ. ಇದಕ್ಕೆ ಯಾವ ಆಸನ ಹಾಕಬೇಕು?

ಸಾಹೇಬರು ಹೇಳುತ್ತಾರೆ: "ಗ್ಲೌಸ್ ಕೊಟ್ಟೀವಿ, ಬೂಟು ಕೊಟ್ಟೀವಿ, ಇವರು ಹಾಕ್ಕೊಳ್ಳಲ್ಲ." ಸ್ವಾಮಿ, ಗಂಡಸಿನ ಅಳತೆಯ ಬೂಟನ್ನು ಹೆಂಗಸು ಹಾಕಿಕೊಂಡು ಮೈಲಿಗಟ್ಟಲೆ ನಡೆಯೋದು ಹೆಂಗೆ? ವಾರಕ್ಕೆ ಹರಿಯುವ ಗ್ಲೌಸನ್ನು ತಿಂಗಳುಗಟ್ಟಲೆ ಹಾಕೋದು ಹೆಂಗೆ? ನಿಮ್ಮ ಕುರ್ಚಿಗೆ ಅಳತೆ ನೋಡುತ್ತೀರಿ, ನಮ್ಮ ಕಾಲಿಗೆ ಯಾಕಿಲ್ಲ?

ಕಾನೂನು ಬೇಕಾದಷ್ಟು ಐತಿ. ಮಲ ಹೊರುವುದರ ವಿರುದ್ಧ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಸತ್ತವನ ರೇಟು ಏರಿತು. ಬದುಕಿರುವವನು ಯಂತ್ರ ಕೇಳಿದರೆ ಮಾತ್ರ ಬಜೆಟ್ ಇಲ್ಲ!

ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಈ ನಾಡಿನಲ್ಲಿ ನಿಷೇಧಿಸಿದವರು ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ. ಅವರು ಹರಿಹರದ ಮಗ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ, ಅವರೂ ಹರಿಹರದ ಮಗ. ಇವರಿಬ್ಬರನ್ನು ಹೆತ್ತ ನೆಲದಲ್ಲಿ ನಿಂತು ನಾವು ಕೈಮುಗಿದು ಕ್ಷೇಮ ಬೇಡಬೇಕೇ?

ದಿನದ ಗಂಟೆಗಳ ಲೆಕ್ಕವನ್ನೂ ಕೇಳ್ರಿ. ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸಿದ್ದು 1946ರ ಕಾಯ್ದೆ; ಅದರ ಹಿಂದೆ ನಿಂತವರು ಆಗಿನ ಕಾರ್ಮಿಕ ಮಂತ್ರಿ ಅಂಬೇಡ್ಕರ್. 2023ರಲ್ಲಿ ನಮ್ಮದೇ ವಿಧಾನಸಭೆ ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ದಾಟೋದಿಲ್ಲ ಅಂತ ಸಮಾಧಾನ ಬೇರೆ! ಹನ್ನೆರಡನೇ ಗಂಟೆಯಲ್ಲಿ ಕೈ ಯಂತ್ರಕ್ಕೆ ಸಿಕ್ಕರೆ ವಾರದ ಲೆಕ್ಕ ಬೆರಳು ಕೊಡುತ್ತದೆಯೇ?

ಕಾಯಕವನ್ನು ಕೈಲಾಸಕ್ಕೆ ಏರಿಸಿದ ನಾಡು ಅಂತ ವೇದಿಕೆ ಮೇಲೆ ಕೊಚ್ಚಿಕೊಳ್ಳುತ್ತೀರಿ. ಅಷ್ಟು ದೊಡ್ಡ ಕೈಲಾಸವಾದರೆ ಒಂದು ದಿನ ನಿಮ್ಮ ಮಕ್ಕಳನ್ನೂ ಕಳಿಸಿರಿ. ಭಟ್ಟಿಯ ಹೊಗೆಯೊಳಗೆ ಕಾದ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯಲಿ. ಆಮೇಲೆ ಮಿರ್ಚಿ ಮಂಡಕ್ಕಿಯ ರುಚಿ ಹೇಳಲಿ.

ಕ್ಷೇಮ ಯಾವ ಧಣಿಯೂ ಕೊಡುವ ಪ್ರಸಾದ ಅಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಊರುಗಳು ನಾರಿದವು, ಸರ್ಕಾರ ಮಾತಿಗೆ ಬಂತು. 2025ರ ಮೇ 1ರಂದು ಬೆಂಗಳೂರಿನ 12,692 ಜನರ ಕೈಗೆ ಕಾಯಂ ಆದೇಶ ಬಂತು. ಅದು ಧ್ಯಾನ ಮಾಡಿ ಬಂದದ್ದಲ್ಲ, ಪೊರಕೆ ಕೆಳಗಿಟ್ಟು ಬಂದದ್ದು.

ಆದ್ದರಿಂದ ನಾವು ಕೇಳುವುದು ಇಷ್ಟು. ಗುಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಬೇಡ. ಗುತ್ತಿಗೆ ಹೋಗಲಿ, ಕಾಯಂ ಕೆಲಸ ಬರಲಿ. ಪ್ರತಿ ವಾರ್ಡಿನಲ್ಲಿ ಕೆಲಸದ ಹೆಂಗಸರಿಗೆ ಕಕ್ಕಸು, ನೀರು, ಕೂರಲು ನೆರಳು ಇರಲಿ. ನಮ್ಮನ್ನು ಹೆಸರು ಹಿಡಿದು, ಬಹುವಚನದಲ್ಲಿ ಕರೆಯಿರಿ. ಇಷ್ಟು ಮಾಡಿದ ಮೇಲೆ ನಗು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಡದಿದ್ದರೆ, ಪೊರಕೆ ನಮ್ಮ ಕೈಯಲ್ಲೇ ಐತಿ. ಅದನ್ನು ಕೆಳಗಿಡುವುದೂ ನಮಗೆ ಗೊತ್ತು.